ಮಕಾರಿಯೊನ ಟೊಪ್ಪಿ

ಇಂಗ್ಲಿಷ್ ಪುಸ್ತಕದಲ್ಲಿ ‘ನಮ್ಮ ಶಾಲೆ, ನಮ್ಮ ಸಮುದಾಯ’ ಎಂಬ ಪಾಠವಿದೆ. ಅದರಲ್ಲಿ ಒಬ್ಬ ಅಗ್ನಿಶಾಮಕದವನು. ಕೆಂಪು ಗಾಡಿ, ಹಳದಿ ಹೆಲ್ಮೆಟ್ಟು, ಕೆನ್ನೆ ತುಂಬ ನಗು. ಪೇಟೆಯಿಂದ ಮೇಲೆ, ಬೆಟ್ಟದ ನೆತ್ತಿಯಲ್ಲಿರುವ ಎಲ್ ಆಲ್ಟೊ ಊರಿನ ನಮ್ಮ ಬಡಾವಣೆಗೆ ಅಂಥ ಗಾಡಿ ಬಂದದ್ದನ್ನು ನಾನಂತೂ ಕಂಡಿಲ್ಲ. ಇಲ್ಲಿ ಬೆಂಕಿ ಬಿದ್ದರೆ ಅಕ್ಕಪಕ್ಕದವರೇ ಮಣ್ಣೆರಚಿ ಆರಿಸುತ್ತಾರೆ. ಕಳ್ಳ ಸಿಕ್ಕಿದರೆ ಅದೇ ಅಕ್ಕಪಕ್ಕದವರು ಬೆಂಕಿ ಹಚ್ಚುತ್ತಾರೆ. ಶಾಲೆಯ ಎದುರಿನ ಲೈಟುಕಂಬಕ್ಕೆ ಹಳೇ ಬಟ್ಟೆ ತುಂಬಿದ ಆಳೆತ್ತರದ ಬೊಂಬೆಯೊಂದನ್ನು ಕುತ್ತಿಗೆಗೆ ಹಗ್ಗ ಬಿಗಿದು ನೇತುಹಾಕಿರುವುದು ಕಳ್ಳರಿಗೆ ಅದು ಗೊತ್ತಿರಲಿ ಎಂದೇ. ಮಕ್ಕಳು ದಿನಾ ಅದರ ಕೆಳಗೇ ನಡೆದು ಬರುತ್ತಾರೆ, ತಲೆಯೆತ್ತಿ ನೋಡುವುದೂ ಇಲ್ಲ.

ಹಾಗಾಗಿ ನಾನು ಪುಸ್ತಕ ಮುಚ್ಚಿಟ್ಟು ನನ್ನದೇ ದಾರಿ ಹಿಡಿದೆ. ನಿಮಗೆ ಸಹಾಯ ಮಾಡುವವರನ್ನು ತರಗತಿಗೆ ಕರೆದುಕೊಂಡು ಬನ್ನಿ ಎಂದು ಮೂರನೆಯ ಇಯತ್ತೆಯ ಮಕ್ಕಳಿಗೆ ಹೇಳಿದೆ. ಇಲ್ಲಿ ಇಂಗ್ಲಿಷ್ ಕಲಿಸುವ ‘ಪ್ರೊಫೆ’, ಅಂದರೆ ಟೀಚರು, ನಾನೇ. ಮಗು ಅವರನ್ನು ಇಂಗ್ಲಿಷಿನಲ್ಲಿ ಕೇಳಬೇಕು: ನಿಮ್ಮ ಹೆಸರೇನು, ಏನು ಕೆಲಸ ಮಾಡುತ್ತೀರಿ, ಯಾರಿಗೆ ಸಹಾಯ ಮಾಡುತ್ತೀರಿ. ಬಂದವರಿಗೆ ಇಂಗ್ಲಿಷ್ ಬಾರದಲ್ಲ, ಅದಕ್ಕೆ ಮಗುವೇ ಅವರ ಟೊಪ್ಪಿ ತೆಗೆದು ತನ್ನ ತಲೆಗಿಟ್ಟುಕೊಂಡು ಅವರ ಪರವಾಗಿ ಉತ್ತರ ಹೇಳಬೇಕು. ಬೇರೆಯವರ ಟೊಪ್ಪಿ ತಲೆಗೆ ಬಿದ್ದರೆ ಎಂಥ ಮಗುವಿಗೂ ನಾಚಿಕೆ ಬಿಟ್ಟುಹೋಗುತ್ತದೆ. ಇದು ನಾನೇ ಕಂಡುಕೊಂಡ ಉಪಾಯ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಅದೇ ವಾರ ಶಾಲೆಯಲ್ಲಿ ಕಳ್ಳತನವಾಯಿತು. ಬಡಾವಣೆಯ ಹೆಂಗಸರು ಬೀದಿಯಲ್ಲಿ ಸೂಪು ಮಾರಿ ಕೊಡಿಸಿದ್ದ ಕಂಪ್ಯೂಟರುಗಳಲ್ಲಿ ಒಂದೂ ಉಳಿದಿರಲಿಲ್ಲ. ಬೀಗ ಒಡೆದಿರಲಿಲ್ಲ, ಆದ್ದರಿಂದ ಎಲ್ಲರ ಕಣ್ಣೂ ಕಾವಲುಗಾರ ಡಾನ್ ಸಿಪ್ರಿಯಾನೊ ಮೇಲೆ ಬಿತ್ತು. ಹೆಸರಿನ ಮುಂದಿನ ‘ಡಾನ್’ ಬರೀ ಮರ್ಯಾದೆಗೆ; ಮುದುಕ, ಒಂಟಿ, ಹೊರಗಿನವನು. ಬಡಾವಣೆಯ ಮುಖಂಡ ಡಾನ್ ರುಫೀನೊ ಮಕ್ಕಳ ಟೊಪ್ಪಿ ಪ್ರದರ್ಶನಕ್ಕೆ ನಾನು ಗೊತ್ತುಮಾಡಿದ್ದ ದಿನವೇ ಸಂಜೆ ಸಭೆ ಕರೆದ. ಅಂಥ ಸಭೆಗೆ ಜನ ಪೆಟ್ರೋಲು ತರುತ್ತಾರೆ.

ಶೌಚಾಲಯದ ಹಿಂದೆ ಒಂದು ಚಿಕ್ಕ ಬಾಗಿಲಿದೆ. ಅದರ ಕೀಲಿ ಇರುವುದು ನನ್ನ ಬಳಿ ಮಾತ್ರ. ಕಳ್ಳತನದ ಮರುದಿನ ಅದು ನನ್ನ ಚೀಲದ ಬೇರೊಂದು ಜೇಬಿನಲ್ಲಿತ್ತು. ಮನೆಯಲ್ಲಿ ನನ್ನ ಜೊತೆ ಇರುವುದು ತಮ್ಮ ರೆನಾನ್ ಒಬ್ಬನೇ. ಅಮ್ಮ ಹೋದಾಗ ಅವನಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ, ಎತ್ತಿ ಸಾಕಿದವಳು ನಾನು. ಅವನ ಕಾಲಲ್ಲಿ ಹೊಸ ಬೂಟು ಕಂಡಾಗಲೂ ನಾನು ಏನೂ ಕೇಳಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ.

ಪ್ರದರ್ಶನ ಚೆನ್ನಾಗಿಯೇ ಶುರುವಾಯಿತು. ವ್ಯಾನ್ ಡ್ರೈವರನ ಮಗ ಅಪ್ಪನ ಟೊಪ್ಪಿ ಹಾಕಿಕೊಂಡು, ಜನರನ್ನು ಕೆಳಗಿನ ಪೇಟೆಗೆ ಕರೆದೊಯ್ಯುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

“ಚಿಲ್ಲರೆ ವಾಪಸ್ ಕೊಡಲ್ಲ ಅಂತಾನೂ ಹೇಳೋ ಮಗಾ!” ಎಂದು ಬ್ರೆಡ್ ಮಾರುವ ಹೆಂಗಸು ಹಿಂದಿನಿಂದ ಕೂಗಿದಳು.

“ನಿನ್ ಬ್ರೆಡ್ಡು ಮೊನ್ನೇದು ಅಂತ ನಾನೇನಾದ್ರೂ ಬಾಯ್ಬಿಟ್ನಾ ತಾಯಿ?” ಎಂದ ಡ್ರೈವರು. ಕೋಣೆಯೆಲ್ಲ ನಗು. ಬಾಗಿಲ ಬಳಿ ನಿಂತಿದ್ದ ಸಿಪ್ರಿಯಾನೊ ಒಬ್ಬನೇ ನಗಲಿಲ್ಲ.

ಆಮೇಲೆ ಮಾರ್ಲೆನಿ ಎದ್ದಳು. ವರ್ಷವಿಡೀ ನನ್ನ ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ. ಅವಳ ಅಜ್ಜಿ ಡೋನ್ಯಾ ಅಸುಂತಾ ಬೆನ್ನಿನ ಪಟ್ಟೆಬಟ್ಟೆಯ ಗಂಟು ಬಿಚ್ಚಿ, ಗಾಜಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಒಂದು ತಲೆಬುರುಡೆ. ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿ, ಹಲ್ಲಿನ ನಡುವೆ ಸಿಗರೇಟು, ಸುತ್ತ ಕೋಕಾ ಎಲೆ. ನಮ್ಮ ಕಡೆ ಇವರಿಗೆ ಮೊಂಡುಮೂಗಿನವರು ಅನ್ನುತ್ತಾರೆ. ಎಷ್ಟೋ ಮನೆ ಕಾಯುವವರು ಇವರೇ, ಕಳ್ಳರನ್ನು ತೋರಿಸಿಕೊಡುವವರೂ ಇವರೇ. ನಮ್ಮಪ್ಪ ಬೈಬಲ್ಲು ಹಿಡಿದ ಮೇಲೆ ಇಂಥದ್ದನ್ನೆಲ್ಲ ಹೊಸಲಿನಾಚೆ ಇಟ್ಟಿದ್ದ, ನಾನೂ ನಂಬಿದವಳಲ್ಲ. ಆದರೆ ರುಫೀನೊ ತಲೆಯ ಮೇಲಿನ ಹ್ಯಾಟು ತೆಗೆದ.

“ಅಜ್ಜಿ, ಇದು ಮಕ್ಕಳ ಪಾಠ,” ಎಂದೆ ಮೆಲ್ಲಗೆ.

“ಸಹಾಯ ಮಾಡೋರ್ನ ಕರ್ಕೊಂಡ್ ಬಾ ಅಂದಿದ್ದು ನೀವೇ ಅಲ್ವಾ ಪ್ರೊಫೆ? ಇವಳ ಅಮ್ಮ ಬಿಟ್ಟೋದಾಗ ನಮ್ ಜೊತೆ ಇದ್ದೋನು ಈ ಮಕಾರಿಯೊ ಒಬ್ನೇ. ಕೆಲಸ ಒಪ್ಕೊಂಡ್ರೆ ಅರ್ಧಕ್ಕೆ ಕೈ ಬಿಡೋನಲ್ಲ. ಪುಕ್ಕಟೆ ಮಾಡೋನೂ ಅಲ್ಲ.”

ಮಾರ್ಲೆನಿ ಮೂರೂ ಪ್ರಶ್ನೆ ಕೇಳಿದಳು. ಅವಳ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಪೆಟ್ಟಿಗೆ ತೆರೆದು, ನಾನು ಕಲಿಸಿದ ಹಾಗೇ, ಬುರುಡೆಯ ಟೊಪ್ಪಿಗೆ ಕೈ ಹಾಕಿದಳು.

“ಅಯ್ಯೋ, ಟೊಪ್ಪಿ ಮುಟ್ಬೇಡ ಕಣೇ!” ಎಂದು ಅಜ್ಜಿ ಏಳುವಷ್ಟರಲ್ಲಿ ಟೊಪ್ಪಿ ಮಗುವಿನ ತಲೆಯ ಮೇಲಿತ್ತು.

“ನನ್ನ ಹೆಸರು ಮಕಾರಿಯೊ,” ಎಂದಳು ಇಂಗ್ಲಿಷಿನಲ್ಲಿ. “ನಾನು ಕಾಯುತ್ತೇನೆ.” ಮೂರನೆಯ ಉತ್ತರಕ್ಕೆ ಅವಳು ನನ್ನ ಕಡೆ ತಿರುಗಿದಳು. “ಇವತ್ತು ನಿನಗೆ ಸಹಾಯ ಮಾಡುತ್ತೇನೆ. ನೀನು ನಿದ್ದೆಯಲ್ಲಿದ್ದೆ. ಅವನು ನಿನ್ನ ಚೀಲದಿಂದ ಕೀಲಿ ತೆಗೆದ. ಚಿಕ್ಕ ಬಾಗಿಲಿನಿಂದ ಎಲ್ಲ ಹೊತ್ತುಕೊಂಡು ಹೋದ. ನೀನು ಸಾಕಿದ ಹುಡುಗ.”

ಆಗಿಹೋದದ್ದನ್ನು ಇಂಗ್ಲಿಷಿನ ಭೂತಕಾಲದಲ್ಲಿ ಹೇಳುವುದು ಹೇಗೆಂದು ನಾನು ಆ ಮಕ್ಕಳಿಗೆ ಇನ್ನೂ ಕಲಿಸಿಯೇ ಇರಲಿಲ್ಲ. ಮಕ್ಕಳು ಎಲ್ಲರಿಗೂ ತಟ್ಟಿದಂತೆ ಇವಳಿಗೂ ಚಪ್ಪಾಳೆ ತಟ್ಟಿದರು. ಮಾರ್ಲೆನಿ ಟೊಪ್ಪಿ ತೆಗೆದು ಬುರುಡೆಗೆ ಹಾಕಿ, ಹೋಗಿ ಅಜ್ಜಿಯ ಪಕ್ಕ ಕೂತಳು.

“ಪ್ರೊಫೆ, ಏನಂದ ಮಕಾರಿಯೊ?” ರುಫೀನೊ ಎದ್ದು ನಿಂತ. “ಮೂರು ಮಾತಿಗಿಂತ ಜಾಸ್ತೀನೇ ಹೇಳ್ದ. ಕಳ್ಳ ಯಾರು ಅಂದ್ನಾ?”

ಆ ಕೋಣೆಯಲ್ಲಿ ಅಷ್ಟು ಇಂಗ್ಲಿಷ್ ಬರುವವಳು ನಾನೊಬ್ಬಳೇ. ಬಾಗಿಲಲ್ಲಿ ಸಿಪ್ರಿಯಾನೊ ತನ್ನ ಟೊಪ್ಪಿಯನ್ನು ಒದ್ದೆಬಟ್ಟೆಯಂತೆ ಹಿಂಡುತ್ತಿದ್ದ. ಏನೂ ಹೇಳಲಿಲ್ಲ ಎಂದರೆ ಸಂಜೆ ಅವನನ್ನು ಸುಡುತ್ತಾರೆ. ಇದ್ದದ್ದನ್ನು ಹೇಳಿದರೆ ರೆನಾನ್‌ನನ್ನು.

“ಡಾನ್ ಸಿಪ್ರಿಯಾನೊ ಅಲ್ವಂತೆ,” ಎಂದೆ.

“ಮತ್ಯಾರಂತೆ?”

“ಹೆಸರು ಹೇಳ್ಲಿಲ್ಲ. ನಾಳೆ ಬೆಳಗ್ಗೆ ಎಲ್ಲಾ ಇದ್ದಲ್ಲೇ ಇರುತ್ತೆ, ಯಾರನ್ನೂ ಮುಟ್ಬೇಡಿ ಅಂದ.” ಅವರ ಮುಖದಲ್ಲಿ ಇನ್ನೂ ಅನುಮಾನವಿತ್ತು. ಹೆದರಿಕೆಯಲ್ಲಿ ನನ್ನ ನಾಲಿಗೆ ಓಡಿತು. “ಇನ್ಮೇಲೆ ಈ ಶಾಲೆ ನಾನೇ ಕಾಯ್ತೀನಿ ಅಂದ.”

ಜನ ಶಿಲುಬೆಯ ಗುರುತು ಮಾಡಿಕೊಂಡರು. ಸಭೆ ಬೇಡ, ಬೆಳಗ್ಗೆ ನೋಡೋಣ ಎಂದ ರುಫೀನೊ. ಎಲ್ಲರೂ ಹೋದ ಮೇಲೆ ಅಸುಂತಾ ನನ್ನ ತೋಳು ಹಿಡಿದಳು.

“ಅವ್ನು ಹಂಗಂದ್ನಾ, ಇಲ್ಲಾ ನೀವು ಅನ್ನಿಸಿದ್ರಾ?”

ನಾನು ತೋಳು ಬಿಡಿಸಿಕೊಂಡು ಬೋರ್ಡು ಒರೆಸತೊಡಗಿದೆ.

“ನೀವು ಆಡಿದ ಮಾತನ್ನ ಅವ್ನು ನಡೆಸೇ ನಡೆಸ್ತಾನೆ ಪ್ರೊಫೆ. ಆದ್ರೆ ಸ್ಕೂಲು ಕಾಯೋಕೆ ಅವನಿಗೆ ಕೈಯಿಲ್ಲ, ಕಾಲಿಲ್ಲ. ಅದನ್ನ ನೀವೇ ಕೊಡಬೇಕಾಗುತ್ತೆ.”

ಮನೆಗೆ ಹೋದವಳೇ ರೆನಾನ್‌ನ ಕೆನ್ನೆಗೆ ಬಾರಿಸಿದೆ. “ಎಲ್ಲಿಟ್ಟಿದ್ದೀಯೋ?”

“ಸಂತೇಲಿ ಮಾರ್ಬಿಟ್ಟೆ ಅಕ್ಕಾ. ಇನ್ನೆಲ್ಲಿಂದ ತರ್ಲಿ?” ಎಂದು ಕೆನ್ನೆ ಉಜ್ಜಿಕೊಂಡ. ನಡೆದದ್ದು ಕೇಳಿ ನಕ್ಕ. “ಬುರುಡೆ ಇಂಗ್ಲಿಷ್ ಮಾತಾಡ್ತಾ? ನೀನು ವರ್ಷಗಟ್ಲೆ ತಲೆ ಚಚ್ಕೊಂಡ್ರೂ ನನಗೊಂದು ಅಕ್ಷರ ಹತ್ಲಿಲ್ವಲ್ಲೇ!”

ನನಗೂ ಅಳುವಿನ ನಡುವೆ ನಗು ಬಂತು. ಬೆಳಕು ಹರಿಯುವ ಮೊದಲೇ ಬಸ್ಸು ಹತ್ತಿ ಕಣಿವೆಯಲ್ಲಿರುವ ಮಾವನ ಮನೆಗೆ ಹೋಗಿಬಿಡು ಎಂದೆ. ಬ್ಯಾಗಿಗೆ ಬ್ರೆಡ್ಡು, ಸ್ವೆಟರು ತುಂಬಿಕೊಟ್ಟೆ.

ಬೆಳಗ್ಗೆ ಎದ್ದಾಗ ಅವನ ಹಾಸಿಗೆ ಖಾಲಿ. ಬ್ಯಾಗು ಇಟ್ಟಲ್ಲೇ ಇತ್ತು. ಹೊಸ ಬೂಟೂ ಅಲ್ಲೇ ಇತ್ತು.

ಶಾಲೆಯ ಅಂಗಳದಲ್ಲಿ ಜಾತ್ರೆಯಂತೆ ಜನ. ಕಂಪ್ಯೂಟರುಗಳು ಒಂದೂ ತಪ್ಪದೆ ತಂತಮ್ಮ ಮೇಜಿನ ಮೇಲಿದ್ದವು, ಮಂಜಿನಲ್ಲಿ ರಾತ್ರಿಯೆಲ್ಲ ಇಟ್ಟಂತೆ ತಣ್ಣಗೆ. ರುಫೀನೊ ನನ್ನ ಎರಡೂ ಕೈ ಹಿಡಿದುಕೊಂಡ. “ನಿಮ್ ತಮ್ಮನ್ನ ಮೆಚ್ಬೇಕು ಪ್ರೊಫೆ! ಹೇಳ್ದೆ ಕೇಳ್ದೆ ಬಂದು ರಾತ್ರಿ ಕಾವಲು ಕೂತಿದ್ದಾನೆ. ಹುಡುಗ ಅಂದ್ರೆ ಹಿಂಗಿರ್ಬೇಕು.”

ಗೇಟಿನ ಪಕ್ಕ ಸಿಪ್ರಿಯಾನೊನ ಸ್ಟೂಲಿನ ಮೇಲೆ ರೆನಾನ್ ಕೂತಿದ್ದ. ಬರಿಗಾಲು, ಪಾದಗಳು ನೀಲಿಗಟ್ಟಿದ್ದವು. ತಲೆಯ ಮೇಲೆ ಕಿವಿ ಮುಚ್ಚುವ ಆ ಉಣ್ಣೆಯ ಟೊಪ್ಪಿ. ಕರೆದೆ, ಅಲುಗಾಡಿಸಿದೆ, ಅತ್ತೆ. ಟೊಪ್ಪಿ ಎಳೆದೆ, ಚರ್ಮಕ್ಕೆ ಹೊಲಿದಂತೆ ಕೂತಿತ್ತು. ಅಸುಂತಾಳ ಮನೆಗೆ ಓಡಿದೆ. ಪೆಟ್ಟಿಗೆಗೆ ಬೀಗವಿತ್ತು, ಒಳಗೆ ಬುರುಡೆ ಬೋಳಾಗಿತ್ತು.

“ನಿಮ್ ಕೈಗೆ ಬರಲ್ಲ,” ಎಂದಳು ಮುದುಕಿ, ಮುಖ ಬೇರೆ ಕಡೆ ತಿರುಗಿಸಿ. “ಕೊಟ್ಟೋರು ನೀವು. ಬೇರೆ ಯಾರಾದ್ರೂ ತೆಗೀಬಹುದು. ತೆಗೆದ ಮೇಲೆ ಅದಕ್ಕೊಂದು ಜೀವ ಇರೋ ತಲೆ ಬೇಕೇ ಬೇಕು, ಬುರುಡೆಗೆ ಇನ್ನು ಒಗ್ಗಲ್ಲ. ಖಾಲಿ ಇರಲ್ಲ ಅದು.”

ಒಂದು ವರ್ಷವಾಯಿತು. ರೆನಾನ್ ಗೇಟು ಬಿಟ್ಟು ಏಳುವುದಿಲ್ಲ. ಜನ ಸಿಗರೇಟು, ಕೋಕಾ, ಬಿಸಿ ಸೂಪು ತಂದಿಡುತ್ತಾರೆ. ಬಡಾವಣೆಯಲ್ಲಿ ಆಮೇಲೆ ಕಳ್ಳತನವಾಗಿಲ್ಲ. ಲೈಟುಕಂಬದ ಬೊಂಬೆಯನ್ನೂ ಇಳಿಸಿದರು, ಇನ್ನು ಅದರ ಅಗತ್ಯವಿಲ್ಲವಂತೆ. ಮನೆಗೆ ಬಾರೋ ಎಂದು ನಾನು ದಿನಾ ಸಂಜೆ ಕರೆಯುತ್ತೇನೆ. ಒಂದಕ್ಷರ ಹತ್ತದಿದ್ದ ನನ್ನ ತಮ್ಮ, ನಾನು ಮಕ್ಕಳಿಗೆ ಹೇಳಿಕೊಡುವ ಅದೇ ರಾಗದಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಾನೆ: ನನ್ನ ಹೆಸರು ಮಕಾರಿಯೊ. ನಾನು ಕಾಯುತ್ತೇನೆ. ನಾನು ಶಾಲೆಗೆ ಸಹಾಯ ಮಾಡುತ್ತೇನೆ.

ಈ ವರ್ಷ ಆ ಪಾಠ ಬಂದಾಗ ನಾನು ಪುಸ್ತಕದ ಅಗ್ನಿಶಾಮಕದವನನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಆದರೆ ಮಕ್ಕಳು ಅಣ್ಣ ಅಕ್ಕಂದಿರಿಂದ ಎಲ್ಲ ಕೇಳಿಕೊಂಡಿದ್ದರು. ನಿನ್ನೆ ನಾನು ಬೋರ್ಡಿನಿಂದ ತಿರುಗುವಷ್ಟರಲ್ಲಿ ಬ್ರೆಡ್ ಮಾರುವವಳ ಕಿರಿಮಗಳು ಎಲ್ವಿರಾ, ರೆನಾನ್‌ನ ಬೆರಳು ಹಿಡಿದು ಒಳಗೆ ಕರೆತಂದಿದ್ದಳು. ಗೇಟು ಬಿಟ್ಟು ಏಳದವನು, ಶಾಲೆಯ ಮಗು ಕರೆದದ್ದಕ್ಕೋ ಏನೋ, ಕುರಿಯಂತೆ ಬಂದು ಮೇಜಿನ ಬಳಿ ಕೂತ. ಮಗು ಪ್ರಶ್ನೆ ಕೇಳಿ ಮುಗಿಸಿ, ಟೊಪ್ಪಿಗೆ ಕೈ ಹಾಕಿತು. ನನ್ನ ಉಗುರು ಮುರಿದರೂ ಬಾರದಿದ್ದ ಟೊಪ್ಪಿ ಅವಳ ಕೈಗೆ ಸಲೀಸಾಗಿ ಬಂತು.

“ಅಕ್ಕಾ,” ಎಂದ ರೆನಾನ್. ಅವನದೇ ದನಿ. ಕಣ್ಣಿನ ತುಂಬ ನೀರು. “ಅಕ್ಕಾ, ತುಂಬಾ ಚಳಿ.”

ಎಲ್ವಿರಾ ಟೊಪ್ಪಿಯನ್ನು ತನ್ನ ಜಡೆಯ ಮೇಲೆ ಎತ್ತಿ ಹಿಡಿದಿದ್ದಳು. ಹಾರಿಬಂದು ಕಿತ್ತುಕೊಂಡೆ. ಅದು ನನ್ನ ಅಂಗೈಯಲ್ಲಿ ಬೆಚ್ಚಗೆ, ಮೆಲ್ಲಗೆ ಮಿಸುಕುತ್ತಿತ್ತು. ಈಗ ಅಲ್ಲಿದ್ದ ದೊಡ್ಡವರ ತಲೆ ಎರಡೇ, ಅವನದು ಮತ್ತು ನನ್ನದು. ನನ್ನ ತಲೆಗೆ ಹಾಕಿಕೊಳ್ಳುತ್ತೇನೆ ಎಂದೇ ಕೈ ಎತ್ತಲು ಹೋದೆ, ದೇವರಾಣೆ. ಕೈ ಮೇಲೇರಲಿಲ್ಲ.

ಚಿಕ್ಕವನಿದ್ದಾಗ ಶಾಲೆಗೆ ಕಳಿಸುವ ಮುನ್ನ ಹಾಕುತ್ತಿದ್ದಂತೆ, ಅವನ ಕಿವಿ ಮುಚ್ಚುವ ಹಾಗೆ ಟೊಪ್ಪಿ ಹಾಕಿ ಗಲ್ಲದ ಕೆಳಗೆ ದಾರ ಕಟ್ಟಿದೆ. ಅವನು ನನ್ನನ್ನೇ ನೋಡುತ್ತಿದ್ದ, ಗಂಟು ಬೀಳುವವರೆಗೂ. ಆಮೇಲೆ ನನ್ನ ಹೆಸರು ಮಕಾರಿಯೊ ಎಂದ. ಮಕ್ಕಳು ಚಪ್ಪಾಳೆ ತಟ್ಟಿದರು.