ಲಾಡಬಿ ಹಾಕಿದ ಕ್ರೋಶಾ

ಹುನಗುಂದದ ಕೋರ್ಟಿನಲ್ಲಿ ಕಾರಕೂನರಾಗಿದ್ದ ಪಂಢರೀನಾಥರ ಮಗಳು ವಿಮಲಾಗೆ ಕೊಕ್ಕೆಸೂಜಿಯ ಕ್ರೋಶಾ ಹೆಣಿಗೆ ಒಲಿಯಲೇ ಇಲ್ಲ. ನಾಲ್ಕು ಕೊಂಡಿ ಹಾಕುವಷ್ಟರಲ್ಲಿ ದಾರ ಬಿಗಿದು ಗಂಟಾಗುತ್ತಿತ್ತು. ಕೌದಿಯ ಮಾತು ಬೇರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಚಿಂದಿಗಳನ್ನು ಜೋಡಿಸಿ ಸೂಜಿ ಹಿಡಿದು ಕೂತಳೆಂದರೆ ಅವಳಿಗೆ ಊಟದ ನೆನಪೂ ಇರುತ್ತಿರಲಿಲ್ಲ.

“ಕೌದಿ ಯಾರು ಬೇಕಾದರೂ ಹೊಲೀತಾರ,” ಎನ್ನುತ್ತಿದ್ದರು ತಾಯಿ ಮಥುರಾಬಾಯಿ. “ಹೆಣ್ಣು ನೋಡ್ಲಿಕ್ಕೆ ಬಂದವರ ಮುಂದ ಕೌದಿ ಹಾಸ್ತಾರೇನ?”

ಶನಿವಾರ ಮಧ್ಯಾಹ್ನ ವಿಮಲಾ ಬಸ್ಸು ಹತ್ತಿ ಇಲಕಲ್ಲಿನ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ತಿಂಗಳಿಗೊಮ್ಮೆ ಹೆಣ್ಣುಮಕ್ಕಳೆಲ್ಲ ತಾವು ಮಾಡಿದ್ದನ್ನು ಚಾಪೆಯ ಮೇಲಿಟ್ಟು ಅದಲಾಬದಲಿ ಮಾಡಿಕೊಳ್ಳುತ್ತಿದ್ದರು. ಮಾರುವ ಮಾತಿಲ್ಲ, ಮನಸ್ಸಿಗೆ ಬಂದದ್ದನ್ನು ತೆಗೆದುಕೊಳ್ಳುವುದು, ತನ್ನದನ್ನು ಕೊಡುವುದು. ೧೯೫೭ರ ದೀಪಾವಳಿ ಮುಗಿದ ಮೇಲೆ ವಿಮಲಾ ತನ್ನ ದೊಡ್ಡ ಕೌದಿಯನ್ನು ದರ್ಜಿ ಜಾಫರಸಾಬನ ಮಗಳು ಲಾಡಬಿಗೆ ಕೊಟ್ಟು, ಅವಳು ಬಿಳಿ ದಾರದಲ್ಲಿ ಹಾಕಿದ್ದ ಕ್ರೋಶಾದ ಟೇಬಲ್ ಕ್ಲಾತ್ ತಂದಳು. ಅಪ್ಪನ ನಮಾಜಿನ ಟೊಪ್ಪಿ ಹೆಣೆಯುತ್ತಲೇ ಕೈ ಪಳಗಿಸಿಕೊಂಡಿದ್ದ ಲಾಡಬಿ, ಅದರ ತುಂಬ ದ್ರಾಕ್ಷಿ ಬಳ್ಳಿ ಹರಿಸಿದ್ದಳು.

ಮುಂದಿನ ವಾರವೇ ಬಾಗಲಕೋಟೆಯಿಂದ ಭಾಗೀರಥೀಬಾಯಿ ತಮ್ಮ ಮಗ ಗುರುರಾಜನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದರು. ಹುಡುಗ ಹೈಸ್ಕೂಲ್ ಮಾಸ್ತರ. ಮಥುರಾಬಾಯಿ ಮಗಳನ್ನು ಕೇಳದೆಯೇ ಆ ಕ್ರೋಶಾವನ್ನು ಟೇಬಲ್ಲಿಗೆ ಹಾಸಿ, ಅದರ ಮೇಲೆ ಅವಲಕ್ಕಿಯ ತಾಟುಗಳನ್ನಿಟ್ಟರು.

ಭಾಗೀರಥೀಬಾಯಿ ಬಳ್ಳಿಯ ಮೇಲೆ ಬೆರಳಾಡಿಸಿದರು. “ಏನ್ ಛಂದ ಅದ! ನೀನ ಹಾಕಿದ್ದೇನವಾ?”

“ಆಕೀನ ಹಾಕ್ಯಾಳ್ರಿ,” ಎಂದರು ಮಥುರಾಬಾಯಿ. “ನಮ್ಮ ವಿಮಲಾನ ಕೈಯಿ ಭಾಳ ಸೂಕ್ಷ್ಮ.”

ವಿಮಲಾ ತಲೆ ಎತ್ತಿದಳು. ಗುರುರಾಜ ಅವಳನ್ನೇ ನೋಡುತ್ತಿದ್ದ. ಮುಖದಲ್ಲಿ ಮೆಚ್ಚುಗೆಯಿತ್ತು, ಅವಳಿಗೂ ಅವನು ಬೇಡವೆನಿಸಿರಲಿಲ್ಲ. ಆದರೆ ಆ ಮೆಚ್ಚುಗೆ ಲಾಡಬಿಯ ಕೈಗೆ ಸಂದದ್ದು.

“ಇಲ್ಲರಿ,” ಎಂದಳು. “ನನಗ ಕ್ರೋಶಾ ಬರೂದಿಲ್ಲ. ಇದು ಇಲಕಲ್ಲಿನ ಲಾಡಬಿ ಹಾಕಿದ್ದು. ನಾ ಕೌದಿ ಹೊಲಿದು ಕೊಟ್ಟು ಬದಲಿಗೆ ತಗೊಂಡೇನಿ.”

ಭಾಗೀರಥೀಬಾಯಿ ಚಟ್ಟನೆ ಕೈ ಹಿಂದಕ್ಕೆಳೆದುಕೊಂಡರು. “ಲಾಡಬಿ? ಸಾಬರ ಮನೀದೇನಿದು? ಇದರ ಮ್ಯಾಲೆ ನಮಗ ಫಳಾರ ಇಟ್ಟೀರೇನ್ರಿ?”

“ತೊಳದದ್ದರಿ,” ಎಂದು ಮಥುರಾಬಾಯಿ ತಡವರಿಸಿದರು. ಕೇಳುವವರಿರಲಿಲ್ಲ. ಭಾಗೀರಥೀಬಾಯಿ ಎದ್ದೇ ಬಿಟ್ಟಿದ್ದರು. ಗುರುರಾಜ ಒಮ್ಮೆ ತಾಯಿಯ ಕಡೆ, ಒಮ್ಮೆ ತಾಟಿನ ಕಡೆ ನೋಡಿದ. ಆಮೇಲೆ ತುತ್ತನ್ನು ತಾಟಿನಲ್ಲೇ ಬಿಟ್ಟು ಎದ್ದ. ಅದನ್ನು ನೋಡಿದಾಗ ಮಾತ್ರ ವಿಮಲಾಗೆ ಒಳಗೆ ಏನೋ ಮುರಿದಂತಾಯಿತು. ಮರುಗಳಿಗೆಗೆ, ಮುರಿದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಬಂದವರು ಹೋದ ಮೇಲೆ ಪಂಢರೀನಾಥರು ಕುರ್ಚಿಯಲ್ಲಿ ಕುಸಿದು ಕೂತರು. “ಒಂದು ಗಳಿಗಿ ಸುಮ್ಮನಿದ್ದಿದ್ದರ ಏನಾಗ್ತಿತ್ತವಾ?”

“ಲಗ್ನಾ ಆಗ್ತಿತ್ತು. ಆಮ್ಯಾಲೆ ಅತ್ತಿ, ಇಂಥಾದ್ದ ಇನ್ನೊಂದು ಹಾಕು ಅಂದಿದ್ದರ ಏನ್ ಮಾಡ್ಲಿ? ಲಾಡಬೀನ ಕರಕೊಂಡು ಹೋಗ್ಲೇನು?”

ಮಥುರಾಬಾಯಿ ಕ್ರೋಶಾವನ್ನು ಮುದ್ದೆ ಮಾಡಿ ಹಿತ್ತಲಿನ ಕಟ್ಟಿಗೆಯ ಮೇಲೆ ಎಸೆದು ಬಂದರು. ವಿಮಲಾ ಅದನ್ನು ಎತ್ತಿ ತಂದು, ಒಗೆದು ಒಣಗಿಸಿ, ಅದೇ ಟೇಬಲ್ಲಿಗೆ ಹಾಸಿದಳು. ತಾಯಿ ತೆಗೆದರು. ಮಗಳು ಮತ್ತೆ ಹಾಸಿದಳು. ದಿನವೂ ಇದೇ ನಡೆಯಿತು.

ಶನಿವಾರ ಮಥುರಾಬಾಯಿ ಬಾಗಿಲಿಗೆ ಅಡ್ಡ ನಿಂತರು. “ಇಲಕಲ್ಲಿಗೆ ಹೋಗೂದು ಇವತ್ತಿಗೆ ಬಂದ್.”

“ಹಾದಿ ಬಿಡು ಅವ್ವಾ, ಬಸ್ಸು ತಪ್ಪತದ.”

“ನನ್ನ ಮಾತು ಕಿವ್ಯಾಗ ಬೀಳವಲ್ದೇನ?”

“ಬಿದ್ದದ. ನಾ ಸುಳ್ಳು ಹೇಳಿ ಎಲ್ಲೂ ಹೊಂಟಿಲ್ಲ. ಹೇಳೇ ಹೊಂಟೇನಿ.” ತಾಯಿಯ ತೋಳನ್ನು ಮೆಲ್ಲಗೆ ಸರಿಸಿ ಹೊರಬಿದ್ದಳು.

ಕ್ಲಾಸಿನ ಅಂಗಳದಲ್ಲಿ ಲಾಡಬಿ ಕಾದು ನಿಂತಿದ್ದಳು. ಮಡಿಚಿದ ಕೌದಿ ಅವಳ ಹೆಗಲ ಮೇಲಿತ್ತು. ಲಗ್ನ ಮುರಿದ ಸುದ್ದಿ ವಿಮಲಾಗಿಂತ ಮೊದಲೇ ಇಲಕಲ್ ಮುಟ್ಟಿತ್ತು.

“ಇದನ್ನ ತಗೊಂಡುಬಿಡ್ರಿ ಬಾಯಿ,” ಎಂದಳು ಲಾಡಬಿ. “ನಂದು ವಾಪಸ್ ಕೊಡ್ರಿ. ನನ್ನ ಸಲುವಾಗಿ ನಿಮ್ಮ ಲಗ್ನಾ ಮುರೀಬಾರ್ದಿತ್ತು. ನೀವು ನಿಮ್ಮ ಹೆಸರ ಹೇಳಿದ್ದರೂ ನನಗೇನು ಬ್ಯಾಸರಿರಲಿಲ್ಲ.”

“ನನಗಿತ್ತು,” ಎಂದಳು ವಿಮಲಾ ಸಿಟ್ಟಿನಿಂದ. “ನಾ ಕೊಡೂದಿಲ್ಲ. ಅದಲಾಬದಲಿ ಆಗಿಹೋಗ್ಯದ. ಅದು ನಂದು, ಇದು ನಿಂದು.”

ಲಾಡಬಿ ಅವಳನ್ನು ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೂ ನಗು ತಡೆಯಲಾಗಲಿಲ್ಲ. “ಹಂಗಾರ ಮತ್ತ ಇದನ್ನ ಮನೀಮಟ ಹೊರಬೇಕಲ್ರಿ! ಭಾಳ ವಜ್ಜಾ ಐತಿ.”

“ಹೊರು. ಆರು ಸೀರಿ ಹಾಕೇನಿ ಅದಕ್ಕ.”

ವಿಮಲಾ ಆ ಸಂಜೆ ಮನೆಗೆ ಬಂದಾಗ ಮಥುರಾಬಾಯಿ ಅವಳಿಗೆ ತಾಟು ಹಾಕಲಿಲ್ಲ. ಅವಳು ತಾನೇ ಬಡಿಸಿಕೊಂಡು ಉಂಡಳು. ಮುಂದಿನ ಶನಿವಾರವೂ ಹೋದಳು, ಅದರ ಮುಂದಿನದಕ್ಕೂ. ಬಾಗಿಲಲ್ಲಿ ಅಡ್ಡ ನಿಲ್ಲುವುದನ್ನು ತಾಯಿ ಬಿಟ್ಟರು.

ಗುರುರಾಜನಿಗೆ ಬೇರೆ ಕಡೆ ಹೆಣ್ಣು ನಿಶ್ಚಯವಾಯಿತು. ಹುನಗುಂದದಲ್ಲಿ ಜನ ಆಡಿಕೊಂಡರು. ಬರುತ್ತೇವೆಂದ ಇನ್ನೊಂದು ಮನೆಯವರು ಬರಲೇ ಇಲ್ಲ. ವರ್ಷ ಕಳೆದ ಮೇಲೆ ಬಾದಾಮಿಯಿಂದ ಒಂದು ಕುಟುಂಬ ಬಂತು. ಏನು ತೋರಿಸಬೇಕೆಂದು ತಿಳಿಯದೆ ಮಥುರಾಬಾಯಿ ಅಡುಗೆಮನೆಯಲ್ಲಿ ಒದ್ದಾಡುತ್ತಿದ್ದಾಗ ವಿಮಲಾ ಹೊಸದಾಗಿ ಹೊಲಿದ ಕೌದಿಯನ್ನು ಹೊತ್ತು ತಂದು ಪಡಸಾಲೆಯ ನಡುವೆ, ಬಂದವರ ಕಾಲ ಬುಡದಲ್ಲೇ, ಝಾಡಿಸಿ ಹಾಸಿದಳು.

“ಕೂಡ್ರಿ,” ಎಂದಳು. “ಇದು ನಾ ಹೊಲಿದದ್ದು.”