ಬೆಣ್ಣೆ ಹಚ್ಚಿದ ಬಟ್ಟಲು

ನಾಮ್ಚೆಯಲ್ಲಿ ಲಾಮು ದಿದಿ ಚಹಾ ತಂದಿಟ್ಟಾಗ ನಾನು ಮೊದಲು ನೋಡಿದ್ದು ಲೋಟದ ಅಂಚನ್ನು. ಬೆಣ್ಣೆ ಇರಲಿಲ್ಲ. ಆದರೂ ಮುಟ್ಟಲಿಲ್ಲ. ಇಪ್ಪತ್ತಾರು ವರ್ಷದಿಂದ ಅವಳ ಲಾಡ್ಜಿಗೆ ಚಾರಣಿಗರನ್ನು ಕರೆತರುತ್ತಿದ್ದೇನೆ, ಒಂದು ದಿನವೂ ಅವಳು ನನಗೆ ತಾನಾಗಿ ಚಹಾ ತಂದುಕೊಟ್ಟವಳಲ್ಲ. ಅತಿಥಿಗಳದ್ದೆಲ್ಲ ಮುಗಿದ ಮೇಲೆ ಅಡುಗೆಮನೆಗೆ ಹೋಗಿ ನಾನೇ ಬಗ್ಗಿಸಿಕೊಳ್ಳಬೇಕು. ಇವತ್ತೇನು ಇಷ್ಟೊಂದು ಮರ್ಯಾದೆ?

ಹೊಟ್ಟೆ ಸರಿಯಿಲ್ಲ, ಬಿಸಿನೀರು ಸಾಕು ಅಂದೆ. ಅವಳು ನಕ್ಕು ಒಳಗೆ ಹೋದಳು. ಮರಳಿ ಬಂದಾಗ ಒಂದು ಕೈಯಲ್ಲಿ ಛಾಂಗಿನ, ಅಂದರೆ ನಮ್ಮ ಮನೆಹೆಂಡದ ಹೂಜಿ, ಇನ್ನೊಂದರಲ್ಲಿ ಮರದ ಬಟ್ಟಲು, ಬಟ್ಟಲಿನ ಅಂಚಿಗೆ ಚಿಟಿಕೆ ಬೆಣ್ಣೆ. ನಾನು ಬೂಟಿನ ದಾರವನ್ನೂ ಕಟ್ಟದೆ ಹಿತ್ತಲ ಬಾಗಿಲಿಂದ ಹೊರಬಿದ್ದೆ. ನಲವತ್ತೇಳರ ಗಂಡಸು, ಆಲೂಗಡ್ಡೆ ಹೊಲದ ಕಲ್ಲುಗೋಡೆ ಹಾರಿ ಓಡಿದೆ ಅಂದರೆ ನೀವೇ ಲೆಕ್ಕ ಹಾಕಿ.

ನಮ್ಮಲ್ಲಿ ದೊಡ್ಡದೇನಾದರೂ ಕೇಳಬೇಕಾದವರು ಬರಿಗೈಯಲ್ಲಿ ಬರುವುದಿಲ್ಲ. ಬಟ್ಟಲಿಗೆ ಬೆಣ್ಣೆ ಹಚ್ಚಿ, ಛಾಂಗ್ ತುಂಬಿಸಿ, ಶೇ ಶೇ, ಕುಡೀರಿ ಕುಡೀರಿ ಎಂದು ಒತ್ತಾಯ ಮಾಡುತ್ತಾರೆ. ಮೂರು ಸಲ ತುಂಬಿಸುತ್ತಾರೆ. ಏನು ಬೇಕು ಅನ್ನುವುದನ್ನು ಆಮೇಲೆ ಹೇಳುತ್ತಾರೆ. ಕುಡಿದವನು ಇಲ್ಲ ಅನ್ನುವಂತಿಲ್ಲ. ಅಂದರೆ ಮುಗಿಯಿತು, ಲುಕ್ಲಾದಿಂದ ಮೇಲಿನ ಯಾವ ಊರಿನಲ್ಲೂ ಅವನು ತಲೆ ಎತ್ತುವಂತಿಲ್ಲ.

ಲಾಮು ದಿದಿಗೆ ನನ್ನಿಂದ ಏನೂ ಬೇಕಿರಲಿಲ್ಲ. ಬೇಕಿದ್ದದ್ದು ನನ್ನ ಮಗಳು ಛೋಕಿಗೆ. ಇಪ್ಪತ್ತನಾಲ್ಕು ವರ್ಷ, ನನ್ನದೇ ಗುಂಪಿನಲ್ಲಿ ಎರಡನೆಯ ಗೈಡ್. ನಾನು ಮುಂದೆ, ನಾಲ್ವರು ಅತಿಥಿಗಳು ನಡುವೆ, ಅವಳು ಬಾಲದಲ್ಲಿ. ಚಳಿಗಾಲದಲ್ಲಿ ಹಗ್ಗದ ಕೆಲಸ, ಹಿಮದ ಕೆಲಸ ಎಲ್ಲ ಕಲಿತು, ಈ ವಸಂತಕ್ಕೆ ಲೋಕದಲ್ಲೇ ಎತ್ತರದ ಬೆಟ್ಟ ಚೊಮೊಲುಂಗ್ಮಾ ಹತ್ತುವ ತಂಡದಲ್ಲಿ ದುಡಿಯಬೇಕೆಂದು ಹಟ ಹಿಡಿದಿದ್ದಳು. ಆ ತಂಡದ ಮೇಸ್ತ್ರಿ ಪಾಂಗ್‌ಬೋಚೆಯ ಕರ್ಸಂಗ್. ಹುಡುಗಿ ಗಟ್ಟಿ, ನನಗೆ ಬೇಕು, ಆದರೆ ಅಪ್ಪ ಹೂಂ ಅನ್ನದೆ ಆ ಮನೆಯ ಮಗುವನ್ನು ಕರೆದೊಯ್ಯಲಾರೆ ಎಂದು ಅವನು ಖಡಾಖಂಡಿತವಾಗಿ ಹೇಳಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಅದೇ ಬೆಟ್ಟದಲ್ಲಿ ನನ್ನ ಅಣ್ಣ ಹಿಮದಡಿ ಹೋದಾಗ ಸುದ್ದಿ ಹೊತ್ತು ನಮ್ಮ ಬಾಗಿಲಿಗೆ ಬಂದವನು ಅವನೇ. ಹುಣ್ಣಿಮೆಯ ದಿನ ಅವನು ಹೆಸರುಗಳ ಪಟ್ಟಿ ಕಳಿಸಬೇಕಿತ್ತು.

ನಾನು ಇಲ್ಲ ಅಂದಿದ್ದೆ. ಒಂದು ಸಲವಲ್ಲ, ಹತ್ತು ಸಲ. ಛೋಕಿ ಅಳಲಿಲ್ಲ, ಜಗಳಾಡಲಿಲ್ಲ. ದಾರಿಯುದ್ದಕ್ಕೂ ಎಲ್ಲ ಲಾಡ್ಜಿನ ಹೆಂಗಸರಿಗೂ ಫೋನು ಮಾಡಿದಳು, ಅಷ್ಟೇ. ಕಠ್ಮಂಡುವಿನಲ್ಲಿರುವ ನನ್ನ ಹೆಂಡತಿಯಂತೂ ಹೊರಡುವ ಮೊದಲೇ ಮೂರು ಬಟ್ಟಲು ಕುಡಿದು ಆ ಕಡೆ ಸೇರಿಬಿಟ್ಟಿದ್ದಳು.

ಆಮೇಲೆ ನನ್ನ ಪಾಡು ಕೇಳಬೇಡಿ. ದೆಬೋಚೆಯಲ್ಲಿ ಬಟ್ಟಲು, ದಾರಿಬದಿಯ ಚಹಾ ಅಂಗಡಿಯಲ್ಲಿ ಬಟ್ಟಲು, ಮಂತ್ರ ಕೆತ್ತಿದ ಕಲ್ಲುಗಳ ಮಣಿಗೋಡೆ ಸುತ್ತುತ್ತಿದ್ದ ಮುದುಕಿಯೊಬ್ಬಳ ಚೀಲದಲ್ಲೂ ಬಟ್ಟಲು. ನಾನು ಚಹಾ ಬಿಟ್ಟೆ, ಸೂಪು ಬಿಟ್ಟೆ. ಬಾಟಲಿಯ ನೀರು, ಜೇಬಿನ ಬಿಸ್ಕತ್ತು, ಇಷ್ಟೇ. ಅತಿಥಿಗಳಲ್ಲಿ ಹಾನಾ ಅಂತ ಅರವತ್ತು ದಾಟಿದ ಹೆಂಗಸು, ಚೆಕ್ ದೇಶದ ಯಾವುದೋ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಇದೇನು ವ್ರತವೇ ಎಂದು ಕೇಳಿದಳು. ಹೌದು ಅಂದುಬಿಟ್ಟೆ. ಅಂದಿನಿಂದ ನನ್ನನ್ನು ಕಂಡರೆ ಕೈ ಮುಗಿಯತೊಡಗಿದಳು. ನಾಚಿಕೆಯಾಯಿತು, ಆದರೆ ಸುಳ್ಳು ಹೇಳಿದ್ದಾಗಿತ್ತು.

ನನಗೆ ಸಿಟ್ಟು ಬಂದರೆ ಕಾಲು ನಿಲ್ಲುವುದಿಲ್ಲ. ಬಿಸ್ತಾರೆ ಬಿಸ್ತಾರೆ, ನಿಧಾನ ನಿಧಾನ ಎಂದು ಹೇಳುವುದೇ ಗೈಡಿನ ಅರ್ಧ ಕೆಲಸ. ಆ ಮಾತು ನನ್ನ ಬಾಯಿಂದ ಒಂದು ಸಲವೂ ಬರಲಿಲ್ಲ. ಹಿಂದಿನಿಂದ ಛೋಕಿಯೇ ಕೂಗಿ ಹೇಳುತ್ತಿದ್ದಳು. ಅವಳ ದನಿ ಕೇಳಿದಷ್ಟೂ ನಾನು ಜೋರಾಗಿ ನಡೆದೆ.

ದಿಂಗ್‌ಬೋಚೆಯಲ್ಲಿ ನನ್ನ ಹೆಂಡತಿಯ ಅಕ್ಕ ಪುತಿಯ ಲಾಡ್ಜ್. ಅಲ್ಲಿ ಎರಡು ರಾತ್ರಿ ತಂಗಬೇಕು. ಎತ್ತರಕ್ಕೆ ಮೈ ಒಗ್ಗಲಿ ಎಂದು ಎಲ್ಲ ಗುಂಪೂ ಅಲ್ಲೊಂದು ದಿನ ನಿಲ್ಲುತ್ತದೆ, ನಾನೂ ಯಾವತ್ತೂ ತಪ್ಪಿಸಿದವನಲ್ಲ. ಆದರೆ ಪುತಿ ಲಾಮು ದಿದಿಯಂಥವಳಲ್ಲ. ಊಟದ ಕೋಣೆಯಲ್ಲಿ, ಬೆರಣಿ ಒಲೆಯ ಸುತ್ತ ಮೂವತ್ತು ಜನ ಕೂತಿರುವಾಗ, ಎಲ್ಲರೆದುರು ಹೂಜಿ ತಂದು ನನ್ನ ಮುಂದೆ ಕುಕ್ಕಿದಳು. ಉಪವಾಸ ಅಂದೆ.

"ಯಾವ ಲಾಮಾ ಹೇಳಿದ್ರು ಈ ಉಪವಾಸ?" ಅಂದಳು. "ಜೇಬಲ್ಲಿರೋ ಬಿಸ್ಕತ್ತೂ ಅವರೇ ಕೊಟ್ರಾ?"

ಮೂವತ್ತು ಜನರಲ್ಲಿ ಭಾಷೆ ತಿಳಿದ ಹನ್ನೆರಡು ಗೈಡುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಳೆ ಎಲ್ಲಿ ಹೋಗ್ತೀಯ, ನಾಳೆಯೂ ಇಲ್ಲೇ ಇರ್ತೀಯಲ್ಲ ಎಂದು ಹೇಳಿ ಪುತಿ ಹೂಜಿಯನ್ನು ಒಲೆಯ ಪಕ್ಕದಲ್ಲೇ ಬಿಟ್ಟುಹೋದಳು.

ಬೆಳಿಗ್ಗೆ ಎದ್ದವನೇ ಗಂಟುಮೂಟೆ ಕಟ್ಟಿಸಿದೆ. ಹವೆ ಕೆಡುತ್ತದೆ, ಇವತ್ತೇ ಲೊಬುಚೆ ಸೇರಬೇಕು ಅಂದೆ. ಆಕಾಶ ತೊಳೆದಿಟ್ಟ ಹಾಗಿತ್ತು. ಛೋಕಿ ಒಮ್ಮೆ ಆಕಾಶ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಇವತ್ತು ನಿಲ್ಲುವ ದಿನ ಎಂದು ಮೆಲ್ಲಗೆ ಹೇಳಿದಳು. ಗುಂಪಿನ ಯಜಮಾನ ಯಾರು ಎಂದು ಕೇಳಿದೆ. ಅವಳು ಚೀಲ ಹೆಗಲಿಗೇರಿಸಿದಳು.

ಲೊಬುಚೆ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಹಾನಾ ಒಂದು ಕೈಗವಸು ತೆಗೆದಳು, ಇನ್ನೊಂದನ್ನು ಮರೆತಳು. ಸೂಪಿನ ಬಟ್ಟಲ ಮುಂದೆ ಚಮಚ ಹಿಡಿದು ಸುಮ್ಮನೆ ಕೂತಳು. ನಾನು ಲಾಡ್ಜಿನವಳು ಎಲ್ಲಿ ಹೂಜಿ ತರುತ್ತಾಳೋ ಎಂದು ಅಡುಗೆಮನೆಯ ಬಾಗಿಲನ್ನೇ ಕಾಯುತ್ತಿದ್ದೆ, ಹಾನಾಳ ಪಾಡು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಛೋಕಿಯ ಕಣ್ಣಿಗೆ ಬಿತ್ತು. ಹಾನಾಳನ್ನು ಎಬ್ಬಿಸಿ, ನೆಲದ ಹಲಗೆಯ ಗೆರೆಯ ಮೇಲೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಡೆಯಲು ಹೇಳಿದಳು. ಮೂರನೆಯ ಹೆಜ್ಜೆಗೆ ಹಾನಾ ಮೇಜಿನ ಮೇಲೆ ವಾಲಿದಳು. ಎತ್ತರದ ಕಾಯಿಲೆ ತಲೆಗೇರಿತ್ತು. ಇಂಥವರನ್ನು ಬೆಳಗಾಗುವುದರೊಳಗೆ ಕಳೆದುಕೊಂಡ ಗೈಡುಗಳನ್ನು ನಾನು ಬಲ್ಲೆ.

ಛೋಕಿ ನನ್ನನ್ನು ಕೇಳಲಿಲ್ಲ. ಔಷಧಿ ಕೊಟ್ಟಳು, ಒಬ್ಬ ಹೊರೆಯವನನ್ನು ಕರೆದಳು, ಹಾನಾಳ ತೋಳನ್ನು ತನ್ನ ಕುತ್ತಿಗೆಗೆ ಹಾಕಿಕೊಂಡಳು. ಬೆಳಕಿರುವಾಗಲೇ ಫೆರಿಚೆಗೆ ಇಳಿಯಬೇಕಿತ್ತು. ನಾನು ಬರ್ತೀನಿ ಅಂದೆ.

"ಮೂರು ಜನ ಇಲ್ಲಿದಾರಲ್ಲ, ಅವರನ್ನ ಯಾರು ನೋಡ್ಕೋತಾರೆ?" ಅಂದಳು. ಬಾಗಿಲಲ್ಲಿ ತಿರುಗಿ ನಿಂತಳು. "ಅಬಾ, ನೀವು ಓಡ್ತಿರೋದು ನನ್ನಿಂದ. ಇವರಿಗ್ಯಾಕೆ ಶಿಕ್ಷೆ?"

ಆ ರಾತ್ರಿ ಕಣ್ಣು ಮುಚ್ಚಲಿಲ್ಲ ಎಂದಷ್ಟೇ ಹೇಳುತ್ತೇನೆ. ಬೆಳಿಗ್ಗೆ ಫೆರಿಚೆಯಿಂದ ಸುದ್ದಿ ಬಂತು, ಹಾನಾ ಎರಡು ಮೊಟ್ಟೆ ತಿಂದಳಂತೆ. ನಾನು ಲಾಡ್ಜಿನ ಹಿಂದೆ ಹೋಗಿ, ಯಾರಿಗೂ ಕಾಣದ ಹಾಗೆ, ಅತ್ತೆ. ಉಳಿದ ಮೂವರನ್ನು ಗೋರಕ್‌ಶೆಪ್‌ವರೆಗೆ ಹತ್ತಿಸಿ, ತೋರಿಸಬೇಕಾದ್ದನ್ನೆಲ್ಲ ತೋರಿಸಿ ಇಳಿದೆ. ಅವರು ಫೋಟೋ ತೆಗೆಯುವಾಗ ನಾನು ಹಿಮದ ಆ ಕಣಿವೆಗೆ ಬೆನ್ನು ಮಾಡಿ ಕೂತಿದ್ದೆ. ಅಣ್ಣ ಇನ್ನೂ ಅಲ್ಲೇ ಎಲ್ಲೋ ಇದ್ದಾನೆ.

ಪಾಂಗ್‌ಬೋಚೆಯಲ್ಲಿ ಎಲ್ಲರೂ ಕೂಡಿದೆವು. ಹಾನಾ ಕೆನ್ನೆ ಕೆಂಪಾಗಿ, ಆಲೂಗಡ್ಡೆ ರೊಟ್ಟಿ ಮೆಲ್ಲುತ್ತಾ, ನಿಮ್ಮ ಮಗಳು ಇಡೀ ದಾರಿ ನನಗೆ ಹಾಡು ಹೇಳಿದಳು ಅಂದಳು. ಛೋಕಿಗೆ ಹಾಡು ಬರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಕರ್ಸಂಗ್ ದಾರಿಯವರೆಗೆ ಬಂದು ನಿಂತಿದ್ದ. ಅವನ ಕೈಯಲ್ಲಿ ಹೂಜಿ ಇರಲಿಲ್ಲ. ಹುಣ್ಣಿಮೆ ನಾಡಿದ್ದು, ಹೂಂ ಆದರೂ ಸರಿ, ಇಲ್ಲ ಆದರೂ ಸರಿ, ನನಗೆ ಹೇಳಿ ಕಳಿಸು ಅಂದ. ಇಲ್ಲ ಅನ್ನಲು ಬಾಯಿ ತೆರೆದೆ. ಊರಿಗೆ ಹೋಗಿ ಹೇಳ್ತೀನಿ ಎಂಬ ಮಾತು ಬಂತು. ಯಾಕೆ ಹಾಗೆ ಬಂತೋ ತಿಳಿಯದು, ಮರುದಿನ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ.

ಫೋರ್ತ್ಸೆ ನಮ್ಮೂರು. ಅತಿಥಿಗಳನ್ನು ಲಾಡ್ಜಿನಲ್ಲಿ ಬಿಟ್ಟು ಮನೆಗೆ ಹೋದೆ, ಛೋಕಿ ಹಿಂದೆ ಬಂದಳು. ಆಮಾ, ನನ್ನ ತಾಯಿ, ಒಲೆಯ ಮುಂದೆ ಕೂತಿದ್ದಳು. ಎಪ್ಪತ್ತೆಂಟು ವರ್ಷ, ಮಂಡಿ ಕೈಕೊಟ್ಟಿದೆ, ನಾಲಿಗೆ ಇನ್ನೂ ಗಟ್ಟಿ. ನಾನು ಟೋಪಿ ತೆಗೆಯುವ ಮೊದಲೇ ಬಟ್ಟಲು ಚಾಚಿದಳು. ಅಂಚಿಗೆ ಬೆಣ್ಣೆ ಹಚ್ಚಿತ್ತು.

ನನಗೆ ಜೀವ ಬಂದ ಹಾಗಾಯಿತು. ಇಡೀ ಕಣಿವೆಯಲ್ಲಿ ನನ್ನ ಕಡೆಯವಳು ಅಂತಿದ್ದರೆ ಇವಳೊಬ್ಬಳೇ. ಅಣ್ಣ ಹೋದ ಮೇಲೆ ಆಮಾ ಮೇಲಿನ ದಾರಿಗೆ ಮುಖ ಮಾಡಿ ಕೂತವಳಲ್ಲ. ಹೋದವರ ಹೆಸರು ನಾವು ಹೇಳುವುದಿಲ್ಲ, ಆಮಾ ಆ ಬೆಟ್ಟದ ಹೆಸರನ್ನೂ ಹೇಳುವುದಿಲ್ಲ. ಹುಡುಗಿಯನ್ನು ತಡೆ ಎಂದು ಕೇಳಲಿಕ್ಕೇ ಕೂತಿದ್ದಾಳೆ. ನನ್ನ ಇಲ್ಲಕ್ಕೆ ಇನ್ನು ಅವಳ ಮಾತಿನ ಬಲವೂ ಸೇರುತ್ತದೆ. ಬಾಗಿಲಲ್ಲಿ ಛೋಕಿ ಬಿಳಿಚಿಕೊಂಡು ನಿಂತಿದ್ದಳು. ಅವಳ ಮನಸ್ಸಿಗೂ ಅದೇ ಬಂದಿರಬೇಕು.

ಅವಳಿಗೆ ಕಾಣುವ ಹಾಗೆ ಕುಡಿದೆ. ಎಂಟು ದಿನದ ಬಾಯಾರಿಕೆ ಬೇರೆ. ಒಂದು, ಎರಡು, ಮೂರು. ಮೀಸೆ ಒರೆಸಿಕೊಂಡು, ಕೇಳು ಆಮಾ ಅಂದೆ.

"ಅವಳನ್ನ ಕಳಿಸು."

ಏನು ಕೇಳುತ್ತಾಳೆ ಎಂದು ವಿಚಾರಿಸದೆ ಕುಡಿಯುವ ಪೆದ್ದರನ್ನು ನಾನು ಎಷ್ಟು ಸಲ ಆಡಿಕೊಂಡಿಲ್ಲ! ಅಣ್ಣನಿಗೆ ಹೋಗಬೇಡ ಅಂದೋಳು ನೀನೇ ಅಲ್ವಾ ಎಂದು ಕೂಗಾಡಿದೆ. ಆಮಾ ಕೂಗು ಮುಗಿಯುವವರೆಗೆ ಒಲೆಗೆ ಬೆರಣಿ ಹಾಕಿದಳು.

"ಅಂದೆ. ಬಾಯಿಗೆ ಬಂದಿದ್ದೆಲ್ಲ ಅಂದೆ. ಹೊರಡೋ ದಿನಕ್ಕೆ ಅಂತ ಮಾಡಿದ್ದ ಛಾಂಗ್ ಹೊತ್ಕೊಂಡು ಹೋಗಿ ಹಸೂನ ಬಾನಿಗೆ ಸುರಿದೆ. ಎರಡು ದಿನ ಆ ಹಸು ತೂರಾಡ್ತು, ಊರೆಲ್ಲ ನಕ್ತು. ಅಂಗ್ ಕಾಮಿ ಒಣ ಬಾಯಲ್ಲಿ ಹೋದ. ನಿಂತನಾ ಅವನು, ನಾನು ಬೇಡ ಅಂದಿದ್ದಕ್ಕೆ? ತಿರುವಿನಲ್ಲಿ ತಿರುಗಿ ನೋಡ್ದ. ನಾನು ಒಳಗೆ ಬಂದು ಬಾಗಿಲು ಹಾಕ್ಕೊಂಡಿದ್ದೆ. ಬೆಟ್ಟದ ಮೇಲೆ ನಂಗೆ ಸಿಟ್ಟಿಲ್ಲ ಕಣೋ. ಈ ಕೈ ಮೇಲೆ ಸಿಟ್ಟು."

ಆ ಹೆಸರು ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೇಳಿರಲಿಲ್ಲ. ಅಂದು ಅಣ್ಣನ ಚೀಲವನ್ನು ತಿರುವಿನವರೆಗೆ ಹೊತ್ತವನು ನಾನು. ಅವನು ಹಿಂದಿರುಗಿ ನೋಡಿದಾಗ ಬಾಗಿಲು ಹಾಕಿದ್ದನ್ನು ನಾನೂ ಕಂಡಿದ್ದೆ. ಅವನು ತಿರುಗಿ ನೋಡಿದ್ದು ಆಮಾಗೆ ಗೊತ್ತಿಲ್ಲ ಅಂದುಕೊಂಡಿದ್ದೆ. ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು ಅಂತ ಆಯಿತು.

ಅಜ್ಜಿಗೆ ನೀನು ಯಾವಾಗ ಫೋನು ಮಾಡಿದೆ ಎಂದು ಛೋಕಿಯನ್ನು ಗದರಿಸಿದೆ.

"ಅಜ್ಜಿಗೆ ನಾನೇನೂ ಹೇಳಿಲ್ಲ ಅಬಾ," ಅಂದಳು. ಕಣ್ಣು ತುಂಬಿತ್ತು. "ಅವರನ್ನ ಮಾತ್ರ ಕೇಳೋ ಧೈರ್ಯ ಬರ್ಲಿಲ್ಲ."

ನಾನು ಎದ್ದೆ. ಬಾಗಿಲವರೆಗೆ ಹೋದೆ, ವಾಪಸು ಬಂದೆ, ಕೂತೆ, ಮತ್ತೆ ಎದ್ದೆ. ಕೊಟ್ಟ ಮಾತು ಕೊಟ್ಟಾಗಿತ್ತು. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದೇನಿದೆ? ಹತ್ತು ದಿನದಿಂದ ಸಿಟ್ಟು ಸಿಟ್ಟು ಅನ್ನುತ್ತಿದ್ದದ್ದೆಲ್ಲ ಬರೀ ಭಯ. ಕೊನೆಗೆ ಬಟ್ಟಲು ಎತ್ತಿಕೊಂಡು, ಆಮಾಳ ಡಬ್ಬಿಯಿಂದ ಬೆಣ್ಣೆ ತೆಗೆದು ಅಂಚಿಗೆ ಹಚ್ಚಿ, ಛಾಂಗ್ ತುಂಬಿಸಿ ಛೋಕಿಯ ಮುಂದೆ ಹಿಡಿದೆ.

ಅವಳು ಹಿಂದೆ ಸರಿದಳು. ಕುಡಿದರೆ ಸಿಕ್ಕಿಬೀಳುತ್ತಾಳೆ ಎಂದು ಅವಳಿಗೂ ಗೊತ್ತು. ಹೋಗಬೇಡ ಎಂದು ನಾನು ಕೇಳಿದರೆ ಆಮಾ ಗೆದ್ದುಕೊಟ್ಟದ್ದೆಲ್ಲ ನೀರುಪಾಲು.

"ಏನು ಕೇಳ್ತೀರ ಅಂತ ಮೊದ್ಲು ಹೇಳಿ."

"ಕುಡಿದ ಮೇಲೆ ಹೇಳೋದು."

ಅಜ್ಜಿಯನ್ನು ನೋಡಿದಳು. ಅಜ್ಜಿ ಒಲೆಯ ಕಡೆ ತಿರುಗಿಕೊಂಡಳು. ಛೋಕಿ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಬಟ್ಟಲು ತೆಗೆದುಕೊಂಡಳು. ಶೇ ಶೇ ಅಂದೆ. ಒಂದು ಕುಡಿದಳು. ತುಂಬಿಸಿದೆ. ಎರಡು. ಮತ್ತೆ ತುಂಬಿಸಿದೆ. ಮೂರನೆಯದನ್ನು ತಳದವರೆಗೆ ಕುಡಿದು, ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕಾದಳು.

"ತಿರುಗಿ ಬಾ," ಅಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಟ್ಟಲನ್ನು ಎದೆಗೆ ಒತ್ತಿ ಹಿಡಿದಳು.

"ಬರ್ತೀನಿ ಅಬಾ," ಅಂದಳು.

ಹೂಜಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಆಮಾ ಇನ್ನೆರಡು ಬಟ್ಟಲು ತಂದಳು, ಮೂವರೂ ಕೂತು ಅದನ್ನು ಮುಗಿಸಿದೆವು.