ಬಣ್ಣ ಹತ್ತುವ ಅರಿಶಿಣ

ಹಲವಾಗಲಿನಿಂದ ಹರಪನಹಳ್ಳಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಆ ವರ್ಷ ಕಿಟಕಿ ಪಕ್ಕದ ಒಂದು ಸೀಟು ನಾಗರತ್ನಳದೇ ಆಗಿತ್ತು. ಹಾಗಂತ ಯಾರೂ ಬರೆದುಕೊಟ್ಟಿರಲಿಲ್ಲ. ಬಸ್ಸು ಹೊರಡುವ ಊರಿನವನಾದ ಮೌನೇಶ್ ಅಲ್ಲಿ ಟವೆಲ್ ಹಾಸಿಕೊಂಡು ಕೂತಿರುತ್ತಿದ್ದ. ನಡುವಿನ ಹಳ್ಳಿಯಲ್ಲಿ ನಾಗರತ್ನ ಹತ್ತಿದ ಕೂಡಲೇ ಎದ್ದು, ಟವೆಲ್ ಹೆಗಲಿಗೇರಿಸಿ, ಹರಪನಹಳ್ಳಿಯವರೆಗೂ ಕಂಬಿ ಹಿಡಿದು ನಿಲ್ಲುತ್ತಿದ್ದ. ಇಬ್ಬರದೂ ಬಿ.ಎ. ಕೊನೆಯ ವರ್ಷ, ಒಂದೇ ಕ್ಲಾಸು. ಮಾತು ಮಾತ್ರ ಇಲ್ಲ. ‘ಕುಂದ್ರು’ ಅನ್ನುವುದನ್ನು ಮಾತು ಅಂತ ಲೆಕ್ಕ ಹಿಡಿದರೆ ಅದೊಂದು ಇತ್ತು.

ತೊಂಬತ್ತೆಂಟನೇ ಇಸವಿಯ ಆಚೀಚೆಯ ಮಾತಿದು. ಆಗ ಪ್ರೀತಿ ಕೂಡ ಬಸ್ಸಿನಷ್ಟೇ ನಿಧಾನ. ಒಬ್ಬ ಹುಡುಗ ಇಡೀ ವರ್ಷ ನಿಂತೇ ಪ್ರಯಾಣ ಮಾಡುತ್ತಾನೆಂದರೆ ಅದರ ಅರ್ಥ ಬಸ್ಸಿನ ಮುದುಕಿಯರಿಗೂ ಆಗುತ್ತಿತ್ತು. ನಾಗರತ್ನಳಿಗೆ ಮಾತ್ರ ಒಂದೇ ಕೊರಗು: ಇವನು ನನ್ನ ಮುಖ ನೋಡುವುದಿಲ್ಲ, ನೋಡಿದರೂ ಚಟಕ್ಕನೆ ಹೊಲದ ಕಡೆ ತಿರುಗಿಬಿಡುತ್ತಾನೆ. ಕಾರಣ ತನಗೆ ಗೊತ್ತೆಂದೇ ಅವಳು ತಿಳಿದಿದ್ದಳು. ಎರಡೂ ಗಲ್ಲದ ಮೇಲೆ ಮೊಡವೆ ಎದ್ದಿದ್ದವು. ಪರೀಕ್ಷೆ ಮುಗಿದರೆ ಬಸ್ಸೂ ಇಲ್ಲ, ಸೀಟೂ ಇಲ್ಲ. ಅಷ್ಟರೊಳಗೆ ಮುಖ ತಿಳಿಯಾಗಬೇಕು, ಅವನು ಬಾಯಿ ಬಿಡಬೇಕು.

ಅದೇ ಹೊತ್ತಿಗೆ ಗೆಳತಿ ಚಂದನಾ ದಾವಣಗೆರೆಯಿಂದ ಒಂದು ಫೇಸ್‌ವಾಶ್ ಟ್ಯೂಬು ತಂದಳು. ಮುಂದೆ ಬೇವಿನೆಲೆ, ಅರಿಶಿಣ ಕೊಂಬಿನ ಚಿತ್ರ. ಹಿಂದೆ ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರ. ಊಟದ ಬಿಡುವಿನಲ್ಲಿ ಇಬ್ಬರೂ ಲೇಡೀಸ್ ರೂಮಿನ ಕಿಟಕಿಯ ಬೆಳಕಿಗೆ ಅದನ್ನು ಹಿಡಿದರು.

“ಮೊದಲು ಏನ್ ಬರದೈತಿ ನೋಡಲೇ,” ಅಂದಳು ನಾಗರತ್ನ.

“ನೀರು.”

“ನೀರಾ? ನಮ್ಮ ಹೊಳ್ಯಾಗ ನೀರಿಲ್ಲೇನು?”

“ಯಾವುದು ಜಾಸ್ತಿ ಇರ್ತೈತೋ ಅದನ್ನ ಮೊದಲು ಬರೀತಾರಂತ, ನಮ್ಮಣ್ಣ ಹೇಳ್ದ. ಆಮ್ಯಾಲೆ ನೊರಿ ಬರೋ ಸಾಮಾನು. ಗ್ಲಿಸರಿನ್. ವಾಸನಿಗೆ ಏನೋ ಹಾಕ್ಯಾರ. ಬೇವು, ಅರಿಶಿಣ ಎಲ್ಲಾ ಕಡೀಗೆ ಅದಾವು.”

ನಾಗರತ್ನ ಮನಸ್ಸಿನಲ್ಲೇ ಅಜ್ಜಿಯ ಡಬ್ಬಿಯನ್ನು ತಂದು ಪಕ್ಕಕ್ಕಿಟ್ಟಳು. ಗಾದೆಮ್ಮಜ್ಜಿಯ ಪುಡಿಗೆ ಬರಹವಿರಲಿಲ್ಲ, ಬಾಯಿಮಾತೇ ಎಲ್ಲ. ಜಿಡ್ಡು ತೆಗೆಯಲು ಹೆಸರು ಹಿಟ್ಟು, ಅದೇ ಹೆಚ್ಚು. ಅದಕ್ಕಿಂತ ಕಡಿಮೆ ನೆರಳಲ್ಲಿ ಒಣಗಿಸಿದ ತಂಗಡಿ, ಅಂದರೆ ಆವರಿಕೆ ಹೂವು. ಅದಕ್ಕೂ ಕಡಿಮೆ ಬೇವಿನೆಲೆ. ಕೊನೆಗೆ ಚಿಟಿಕೆ ಕಸ್ತೂರಿ ಅರಿಶಿಣ. ಅಂದರೆ ಅಲ್ಲೂ ಅರಿಶಿಣ ಕಡೆಗೇ! ಕಂಪನಿಯವರೂ ಗಾದೆಮ್ಮಜ್ಜಿಯೂ ಒಂದೇ ಮಾತು ಆಡುತ್ತಿದ್ದಾರೆಂದರೆ ಕೇಳಬೇಕಿತ್ತು. ಆದರೆ ಇಪ್ಪತ್ತರ ವಯಸ್ಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಇಬ್ಬರೂ ಜಿಪುಣರು ಅಂತ ಅವಳು ತೀರ್ಮಾನಿಸಿದಳು. ಗುಣ ಇರುವುದೇ ಅರಿಶಿಣದಲ್ಲಿ ಅಂದಮೇಲೆ ಅದೇ ಮೊದಲಿರಲಿ, ಉಳಿದದ್ದು ಹೆಸರಿಗೆ ಸಾಕು.

ಆ ಭಾನುವಾರ ಅಜ್ಜಿ ಮಾಗಳದ ಮಗಳ ಮನೆಗೆ ಹೋಗಿದ್ದಳು. ನಾಗರತ್ನಳಿಗೆ ರಾಜ್ಯವೇ ಸಿಕ್ಕ ಹಾಗಾಯಿತು. ಕಸ್ತೂರಿ ಅರಿಶಿಣ ತಳದಲ್ಲಿ ಒಂದಿಷ್ಟೇ ಉಳಿದಿತ್ತು. ಅರಿಶಿಣ ಅರಿಶಿಣವೇ ಅಲ್ಲವೇ ಎಂದು ಸಾರಿಗೆ ಹಾಕುವ ಡಬ್ಬಿಗೆ ಕೈ ಹಾಕಿದಳು. ಮೊಸರಲ್ಲಿ ಕಲಸಿ, ಮುಖಕ್ಕೆ, ಕುತ್ತಿಗೆಗೆ ದಪ್ಪಗೆ ಬಳಿದು, ಒಣಗಿ ಬಿರಿಯುವವರೆಗೂ ಕೂತಳು. ತೊಳೆದು ಕನ್ನಡಿ ನೋಡಿದರೆ ಮುಖ, ಕುತ್ತಿಗೆಯೆಲ್ಲ ಅಚ್ಚ ಹಳದಿ. ಕಸ್ತೂರಿ ಅರಿಶಿಣ ಬಣ್ಣ ಹತ್ತುವುದಿಲ್ಲ, ಸಾರಿನ ಅರಿಶಿಣ ಬಿಡುವುದಿಲ್ಲ ಎಂಬುದು ಆಗ ತಿಳಿಯಿತು. ಬಟ್ಟೆ ಸೋಪು ತಿಕ್ಕಿದಳು. ಸೋಪು ತಾಗಿದ ಅರಿಶಿಣಕ್ಕೆ ನೊರೆಯೆಲ್ಲ ಕೆಂಪಾಗಿ, ರಕ್ತವೇ ಬಂತೆಂದು ಹೆದರಿದಳು. ಕೆಂಪು ಹೋಯಿತು, ಹಳದಿ ಉಳಿಯಿತು.

ಸೋಮವಾರ ಕಾಲೇಜಿನಲ್ಲಿ ಟೆಸ್ಟು. ತಪ್ಪಿಸುವ ಹಾಗಿಲ್ಲ. ಚೂಡಿದಾರದ ತೆಳ್ಳನೆ ವೇಲಿನಲ್ಲಿ ಮುಖ ಮುಚ್ಚುವುದಾದರೂ ಎಷ್ಟು? ಬಸ್ಸು ಹತ್ತುತ್ತಿದ್ದಂತೆ ಮುಂದಿನ ಸೀಟಿನ ಭರಮಮ್ಮ ಬಾಯಿಗೆ ಕೈ ಇಟ್ಟುಕೊಂಡಳು.

“ಅಯ್ಯ, ನಾಗರತ್ನ! ಅರಿಶಿಣ ಹಚ್ಚೇಬಿಟ್ಟಾರಲ್ಲ! ನಮಗೊಂದು ಮಾತೂ ಹೇಳ್ಲಿಲ್ಲ ನಿಮ್ಮಪ್ಪ. ಯಾವೂರಿಗೆ ಕೊಟ್ರವ್ವಾ?”

ಆ ಸೀಮೆಯಲ್ಲಿ ಹುಡುಗಿಯ ಮುಖ ಕುತ್ತಿಗೆ ಹಾಗೆ ಹಳದಿಯಾಯಿತೆಂದರೆ ಮದುವೆ ಗೊತ್ತಾಗಿ ಅರಿಶಿಣ ಹಚ್ಚಿದ್ದಾರೆಂದೇ ಅರ್ಥ, ಬೇರೆ ಏನೂ ಕೇಳಬೇಕಾಗಿಲ್ಲ. ಇಡೀ ಬಸ್ಸು ತಿರುಗಿ ನೋಡಿತು. ಇಲ್ಲ ಅನ್ನಲು ನಾಗರತ್ನಳಿಗೆ ನಾಲಗೆ ಏಳಲಿಲ್ಲ. ಮೌನೇಶನೆದುರಿಗೆ ಕೂಗಿ ಇಲ್ಲ ಅಂದರೆ ಎದೆಯೊಳಗಿನದನ್ನೆಲ್ಲ ಹೇಳಿದ ಹಾಗೇ. ತಲೆ ತಗ್ಗಿಸಿದಳು. ತಲೆ ತಗ್ಗಿಸಿದ್ದಕ್ಕೆ ಮದುಮಗಳ ನಾಚಿಕೆ ಅಂತ ಹೆಂಗಸರು ಇನ್ನಷ್ಟು ನಕ್ಕರು.

ಮೌನೇಶ್ ಎದ್ದು ಟವೆಲ್ ತೆಗೆದ. “ಕುಂದರ್ರಿ,” ಅಂದ. ಮದುವೆ ಗೊತ್ತಾದ ಹೆಣ್ಣುಮಗಳಿಗೆ ಕೊಡುವ ಮರ್ಯಾದೆ ಅದು. ಆ ಮರ್ಯಾದೆ ಅವಳಿಗೆ ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಮರುದಿನದಿಂದ ಅವನು ಬಸ್ಸಿಗೂ ಬರಲಿಲ್ಲ, ಕ್ಲಾಸಿಗೂ ಬರಲಿಲ್ಲ. ಹಳದಿ ದಿನಕ್ಕಿಷ್ಟು ತಿಳಿಯಾಗುತ್ತ ಹೋಯಿತು, ಜೊತೆಗೆ ಮೊಡವೆಗಳೂ ಕುಗ್ಗಿದವು. ಅವಳು ಕನ್ನಡಿಯ ಮುಂದೆ ನಿಂತು ಅವನಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದಳು. ನಾಚಿಕೆ ಪಟ್ಟು ಪಟ್ಟು ಸಾಕಾಗಿತ್ತು.

ಕೊನೆಗೊಂದು ಸಂಜೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಅವನೇ ಎದುರಾದ. ಬೆರಳಲ್ಲಿ ಹೊಸ ಉಂಗುರವಿತ್ತು.

“ಮಾವನ ಮಗಳ ಕೂಡ ಮಾತಾತು,” ಅಂದ. “ಅವ್ವ ಬಹಳ ದಿನದಿಂದ ಬೆನ್ನು ಹತ್ತಿದ್ಲು. ನಾನ ಒಲ್ಲೆ ಅಂತಿದ್ದೆ.”

“ಮತ್ತ ಈಗ?”

“ಇನ್ಯಾಕ ಒಲ್ಲೆ ಅನ್ಲಿ? ಇರ್ಲಿ ಬಿಡ್ರಿ. ನಿಮ್ಮದು ಲಗ್ನ ಯಾವಾಗ?”

“ನನ್ನ ಲಗ್ನ ಯಾರೂ ಗೊತ್ತು ಮಾಡಿಲ್ಲ,” ಅಂದಳು ನಾಗರತ್ನ. ಬಾಯಿಪಾಠ ಮಾಡಿದ್ದೆಲ್ಲ ಮರೆತೇ ಹೋಗಿತ್ತು. “ಅದು ಅಡಿಗಿ ಅರಿಶಿಣ. ಮೊಡವಿಗೆ ಅಂತ ನಾನ ಹಚ್ಕೊಂಡಿದ್ದೆ.”

ಅವನು ಉಂಗುರದ ಕೈಯನ್ನು ಜೇಬಿಗೆ ಇಳಿಸಿದ. ಹಲವಾಗಲು ಬಸ್ಸಿನ ಕಂಡಕ್ಟರು ಸೀಟಿ ಊದಿದ. ಆ ವರ್ಷದಲ್ಲಿ ಮೊದಲ ಸಲ ಮೌನೇಶ್ ಅವಳ ಮುಖವನ್ನು ಕಣ್ಣು ತಪ್ಪಿಸದೆ ನೋಡಿದ.

“ಮೊಡವಿನಾ?” ಅಂದ. “ದಿನಾ ಕದ್ದು ಕದ್ದು ನೋಡ್ತಿದ್ನಲ್ಲ ನಾಗರತ್ನ, ನಿನ್ನ ಮಕದಾಗ ಮೊಡವಿ ಎಲ್ಲಿದ್ವು?”